ನೈಟ್ ಶಿಫ್ಟಿನ ವರ

ಜಗತ್ತು ಹತ್ತಿರವಾಗಿದೆ ಎಂದು ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಜಾಗತೀಕರಣದ ಅಧ್ಯಾಯ ನನ್ನದೇ. ದೇಶದೇಶಗಳ ನಡುವಿನ ಅಂತರ ಅಳಿದಿದೆ ಎನ್ನುತ್ತೇನೆ, ಹುಡುಗಿಯರು ಬರೆದುಕೊಳ್ಳುತ್ತಾರೆ. ಅಷ್ಟು ಹತ್ತಿರ ಬಂದ ಜಗತ್ತು ಒಂದು ಭಾನುವಾರ ನಮ್ಮ ಮನೆಯ ಸೋಫಾದ ಮೇಲೆ ಗೊರಕೆ ಹೊಡೆಯುತ್ತದೆ ಎಂಬುದು ಮಾತ್ರ ಪಠ್ಯದಲ್ಲಿರಲಿಲ್ಲ.

ನನ್ನನ್ನು ನೋಡಲು ಬರಬೇಕಿದ್ದ ವರ ಸಂಡೂರಿನವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರು. ಅಪ್ಪ ಎರಡು ಸಲ ಒಳ್ಳೆಯ ದಿನ ನೋಡಿಸಿದರು. ಎರಡು ಸಲವೂ ಕಾರ್ಖಾನೆ ಒಪ್ಪಲಿಲ್ಲ. ಯಾವುದೋ ದೇಶದವರಿಗೆ ಕಾರು ಕೊಳ್ಳುವ ಉಮೇದು ಬಂದಿದೆ, ತಗಡು ಅರ್ಜೆಂಟು, ಹಾಗಾಗಿ ಇವರ ವಾರದ ರಜೆ ರದ್ದು. ಹಿಂದೊಮ್ಮೆ ಅಂಥವರ ಉಮೇದು ಇಳಿದಾಗ ನಮ್ಮ ಓಣಿಯ ಗುತ್ತಿಗೆ ಹುಡುಗರ ಕೆಲಸ ಹೋಗಿ ಮದುವೆಗಳೇ ಮುಂದಕ್ಕೆ ಹೋಗಿದ್ದವು. ರಾಹುಕಾಲಕ್ಕಾದರೂ ಗೊತ್ತಾದ ವೇಳೆ ಇದೆ.

ಕೊನೆಗೆ ಆ ಭಾನುವಾರ ನೈಟ್ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿಳಿದು ನೇರ ಬಂದರು; ಅವರ ತಾಯಿ ಸಂಡೂರಿನಿಂದ ಬಂದು ಸೇರಿಕೊಂಡರು. ಮದುವೆಯಾದರೂ ನಾನು ಕೆಲಸ ಬಿಡುವುದಿಲ್ಲ ಎಂದು ಹೇಳಲು ಮೂರು ಸಭ್ಯ ವಾಕ್ಯಗಳನ್ನು ಸಿದ್ಧಮಾಡಿಕೊಂಡಿದ್ದೆ. ಇದೊಂದನ್ನು ಹೇಳದೆ ಯಾರಿಗೂ ಹೂಂ ಅನ್ನಬಾರದೆಂದು ನಿಶ್ಚಯಿಸಿದ್ದೆ. ಚಹಾ ಹಿಡಿದು ಹೊರಬರುವಷ್ಟರಲ್ಲಿ ವರ ಕೈಯಲ್ಲಿ ಅರ್ಧ ಮಿರ್ಚಿ ಬಜ್ಜಿ ಹಿಡಿದೇ ನಿದ್ದೆಹೋಗಿದ್ದರು.

"ನಮ್ ಹುಡುಗ ಭಾಳ ಶಾಂತ ಅದಾನ್ರಿ," ಎಂದರು ಅವರ ತಾಯಿ.

"ಹೌದ್ರೀ ಬೀಗ್ರ, ಗೊರಕಿ ಒಂದ್ ಇರ್ಲಿಲ್ಲಂದ್ರ ಬಂದದ್ದೇ ಗೊತ್ತಾಗ್ತಿರ್ಲಿಲ್ಲ," ಎಂದಳು ನನ್ನ ಸೋದರತ್ತೆ.

ಅಪ್ಪ ಕೆಮ್ಮಿದರು. ವರ ಬೆಚ್ಚಿ ಎದ್ದು, ಕೆಂಪು ಕಣ್ಣುಗಳಿಂದ ನನ್ನನ್ನೇ ನೋಡಿ, "ಶಿಫ್ಟ್ ಮುಗೀತೇನ್ರಿ?" ಎಂದರು.

ಸಿದ್ಧಮಾಡಿದ ಮೂರೂ ವಾಕ್ಯ ಮರೆತುಹೋದವು. "ನಿಮ್ದು ಮುಗೀತ್ರಿ. ನಂದು ನಾಳೆ ಒಂಬತ್ತಕ್ಕ. ಮದುವಿ ಆದ್ಮ್ಯಾಲೂ ಒಂಬತ್ತಕ್ಕ."

"ಆತ್ರಿ," ಎಂದು ಅವರು ಮತ್ತೆ ಕಣ್ಣು ಮುಚ್ಚಿದರು.

"ಮದುವಿ ಆದ್ಮ್ಯಾಲೆ ಅಂತ ತಾನೇ ಬಾಯಿಬಿಟ್ಟು ಅಂದ್ಳಲ್ಲವ್ವಾ!" ಎಂದು ಸೋದರತ್ತೆ ಸಕ್ಕರೆ ಡಬ್ಬಿಗೆ ಓಡಿದಳು. ನಾನು ಹಾಕಿದ ಷರತ್ತು ಎಲ್ಲರಿಗೂ ಒಪ್ಪಿಗೆಯಾಗಿ ಕೇಳಿಸಿತ್ತು; ಕೇಳಬೇಕಾದವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಎದ್ದ ಮೇಲೆ ಇನ್ನೊಮ್ಮೆ ಸ್ಪಷ್ಟವಾಗಿ ಹೇಳೋಣವೆಂದು ಎದುರಿನ ಕುರ್ಚಿಯಲ್ಲಿ ಕುಳಿತೆ. ಅಡುಗೆಮನೆಯಲ್ಲಿ ನಗು ಜೋರಾಯಿತು.

"ಮೆತ್ತಗ ಮಾತಾಡ್ರಿ, ಮಲಗ್ಯಾರ," ಎಂದು ಯಾರೋ ಗದರಿದರು. ನೋಡಿದರೆ ನಾನೇ. ಅವರ ನಿದ್ದೆ ಕಾಯುತ್ತ ಕಾರ್ಖಾನೆಯ ಕೆಲಸಕ್ಕೆ, ಸಂಬಳವಿಲ್ಲದೆ, ನಾನು ಹಾಜರಾದದ್ದು ಹೀಗೆ.