ಪುಕ್ಕಟೆ ಕರೆಂಟಿನ ಏಳು ತಿಂಗಳು

ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವನನ್ನು ಮರ್ಯಾದೆ ಹೋಗುವ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಲಾಕ್‌ಡೌನ್ ಕಾಲದಲ್ಲಿ ನನ್ನನ್ನು ಬೇರೆ ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ. ಹಾಗಾಗಿ ಬಂದದ್ದಕ್ಕೆಲ್ಲ ಬಾಗಿಲು ತೆರೆದೆ.

೧. ಅತ್ತೆಯವರ ಅನುಮಾನ

ನಾನು ಮೈಸೂರಿನವನು. ಐರ್ಲೆಂಡಿನ ಗಾಲ್ವೇ ಊರಿನ ಪಾರ್ಕ್‌ಮೋರ್‌ನಲ್ಲಿ ಆಸ್ಪತ್ರೆ ಯಂತ್ರಗಳ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತೇನೆ. ಆ ಫೆಬ್ರವರಿಯಲ್ಲಿ ಹೆಂಡತಿ ತನ್ನ ತಂಗಿಯ ಮದುವೆಗೆಂದು ಐದು ವರ್ಷದ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದಳು. ನಾಲ್ಕು ವಾರದಲ್ಲಿ ಬರಬೇಕಿತ್ತು. ಅವರು ಬರುವಷ್ಟರಲ್ಲಿ ಆಶ್ಚರ್ಯಪಡಿಸೋಣ ಅಂತ ನಾನೊಂದು ಹಳೆಯ ಎಲೆಕ್ಟ್ರಿಕ್ ಕಾರು ಕೊಂಡೆ. ಅಷ್ಟರಲ್ಲಿ ವಿಮಾನಗಳೇ ನಿಂತುಹೋದವು.

ನಮ್ಮದು ಬಾಡಿಗೆ ಮನೆ, ಅದೂ ಮಹಡಿಯ ಮೇಲೆ. ಕಾರಿಗೆ ಕರೆಂಟು ಕೊಡುವ ದಾರಿಯೇ ಇಲ್ಲ. ಎರಡು ಕಿಲೋಮೀಟರ್ ದೂರದಲ್ಲಿ ಮದುವೆ ಪಾರ್ಟಿಗಳನ್ನು ಮಾಡುವ ಸಣ್ಣ ಹೋಟೆಲೊಂದಿತ್ತು. ಹೋಟೆಲಿಗೆ ಬೀಗ ಬಿದ್ದಿದ್ದರೂ ಅದರ ಅಂಗಳದ ಚಾರ್ಜರ್ ಮಾತ್ರ ಹಸಿರು ದೀಪ ಹೊತ್ತಿಸಿಕೊಂಡು ನಿಂತಿತ್ತು. ‘ಎಲ್ಲರಿಗೂ ಉಚಿತ’ ಎಂಬ ಬೋರ್ಡು ಬೇರೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ನನ್ನ ಕಾರು ಡಬ್ಲಿನ್ ಏರ್‌ಪೋರ್ಟ್‌ವರೆಗೆ ಹೇಗೋ ಹೋಗುತ್ತಿತ್ತು. ಆ ಚಾರ್ಜರ್ ನಿಧಾನದ್ದು, ತುಂಬಲು ರಾತ್ರಿಯಿಡೀ ಬೇಕು. ವಿಮಾನ ಯಾವತ್ತು ಬಿಡುತ್ತಾರೋ ಯಾರಿಗೆ ಗೊತ್ತು? ಹೆಂಡತಿ ‘ಹೊರಟೆ’ ಅಂದ ಕ್ಷಣ ನಾನೂ ಹೊರಡಬೇಕು. ದಿನಾ ಬ್ಯಾಟರಿ ನೂರಕ್ಕೆ ನೂರು ಇರಲೇಬೇಕು ಅಂತ ವ್ರತ ಹಿಡಿದೆ. ಸಂಜೆ ಕಾರನ್ನು ಅಲ್ಲಿ ಬಿಟ್ಟು ನಡೆದು ಬರುವುದು, ಬೆಳಿಗ್ಗೆ ನಡೆದು ಹೋಗಿ ತರುವುದು.

ವಿಡಿಯೋ ಕಾಲಿನಲ್ಲಿ ಹೆಂಡತಿಗೆ ಕಾರು ತೋರಿಸಿದೆ. "ಕರೆಂಟ್ ಬಿಲ್ ಯಾರ್ ಕಟ್ತಾರ್ರೀ?" ಅಂದಳು.

"ಫ್ರೀ ಕಣೇ."

"ಫ್ರೀ ಅಂದ್ರೆ? ಯಾರೋ ಒಬ್ರು ಕಟ್ತಿರ್ಲೇಬೇಕಲ್ವಾ?"

"ಗೌರ್ಮೆಂಟ್ ಇರ್ಬೇಕು," ಅಂದೆ. ನನಗೂ ಗೊತ್ತಿರಲಿಲ್ಲ.

ಹಿಂದಿನಿಂದ ಅತ್ತೆಯವರ ದನಿ ಕೇಳಿಸಿತು. "ಬೀಗ ಹಾಕಿರೋ ಹೋಟ್ಲಿಂದ ಕರೆಂಟ್ ತಗೋತಿದಾರಂತಾ? ಅಳಿಯಂದ್ರಿಗೆ ಸಂಬಳ ಬರ್ತಿದ್ಯೋ ಇಲ್ವೋ, ಸರಿಯಾಗಿ ಕೇಳೇ."

೨. ತಪಾಸಣೆ

ಮನೆಯಿಂದ ಐದು ಕಿಲೋಮೀಟರ್ ದಾಟಬಾರದು, ದಾಟದಿದ್ದರೂ ಸುಮ್ಮನೆ ಸುತ್ತಬಾರದು ಅಂತ ನಿಯಮವಿದ್ದ ದಿನಗಳವು. ಒಂದು ಸಂಜೆ ಗಾರ್ಡಾ, ಅಂದರೆ ಇಲ್ಲಿನ ಪೊಲೀಸ್, ಕೈ ಅಡ್ಡ ಹಿಡಿದ.

"ಎಲ್ಲಿಗೆ?"

"ಕಾರು ಚಾರ್ಜ್ ಮಾಡೋಕೆ."

"ಚಾರ್ಜ್ ಎಷ್ಟಿದೆ?"

ಸುಳ್ಳು ಹೇಳಲಾಗಲಿಲ್ಲ. "ತೊಂಬತ್ತೇಳು ಪರ್ಸೆಂಟ್."

"ಉಳಿದ ಮೂರು ಎಲ್ಲಿ ಹೋಯ್ತು?"

"ನಿನ್ನೆ ಚಾರ್ಜ್ ಮಾಡಿ ವಾಪಸ್ ಬಂದ್ನಲ್ಲ, ಅದ್ರಲ್ಲಿ ಖರ್ಚಾಯ್ತು. ಇವತ್ತು ಹೋಗೋಕೂ ಸ್ವಲ್ಪ ಬೇಕಲ್ಲ."

ಗಾರ್ಡಾ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಂದ್ರೆ, ಚಾರ್ಜ್ ಮಾಡೋಕೆ ಹೋಗೋದಕ್ಕೋಸ್ಕರ ಚಾರ್ಜ್ ಮಾಡ್ತಿದೀಯ?"

ಹೆಂಡತಿ, ಮಗಳು, ವಿಮಾನ ಎಲ್ಲ ಹೇಳಿದೆ. ಅದನ್ನೆಲ್ಲ ಎದುರಿಗೆ ನಿಂತ ಮನುಷ್ಯನೊಬ್ಬನಿಗೆ ಹೇಳಿದ್ದು ಅದೇ ಮೊದಲು. ಅವನು "ಗ್ರ್ಯಾಂಡ್," ಅಂದ, ಇಲ್ಲಿಯವರ ಮಾತಿನಲ್ಲಿ ‘ಸರಿ’ ಅಂತ. "ಹೋಗು." ನಾನು ಗೇರು ಹಾಕುವಷ್ಟರಲ್ಲಿ ಕಿಟಕಿಗೆ ಬಗ್ಗಿದ. "ಬೇಗ ಹೋಗಪ್ಪ. ಇಲ್ಲಿ ನಿಂತು ಇನ್ನೊಂದು ಪರ್ಸೆಂಟ್ ಇಳಿದ್ರೆ ನನ್ ಮೇಲೆ ಬರುತ್ತೆ."

೩. ಟವೆಲ್ಲು

ನನ್ನ ವ್ರತಕ್ಕೆ ವಿಘ್ನ ಬಂದದ್ದು ನಮ್ಮವರಿಂದಲೇ. ತುಮಕೂರಿನ ಸಹೋದ್ಯೋಗಿಯೊಬ್ಬ ಎಲೆಕ್ಟ್ರಿಕ್ ಕಾರು ಕೊಂಡು ಅದೇ ಚಾರ್ಜರ್‌ಗೆ ಬರತೊಡಗಿದ. ಒಂದು ಸಂಜೆ ಹೋಗಿ ನೋಡಿದರೆ ಚಾರ್ಜರ್ ಕಂಬಕ್ಕೆ ಟವೆಲ್ ಕಟ್ಟಿದೆ. ಕಾರಿಲ್ಲ. ಫೋನ್ ಮಾಡಿದೆ.

"ಗುರೂ, ಟವೆಲ್ ಹಾಕಿದೀನಿ, ನೋಡ್ಲಿಲ್ವಾ?" ಅಂದ.

ಊರಿನ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವರು ನಾವು. ಟವೆಲ್ ತೆಗೆಯಲು ನನಗೂ ಕೈ ಬರಲಿಲ್ಲ. ಸಮುದ್ರ ದಾಟಿ ಬಂದ ಆ ಚೌಕಳಿ ಟವೆಲ್ ನೋಡಿ ಊರು ಎಷ್ಟು ನೆನಪಾಯಿತೆಂದರೆ, ಜಗಳ ಮರೆತು ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ.

ಮರುದಿನ ಟವೆಲ್ ಇರಲಿಲ್ಲ. ಅದರ ಮರುದಿನ ಮತ್ತೆ ಬಂತು. ಯಾರೋ ಅದನ್ನು ಒಗೆದು, ಇಸ್ತ್ರಿ ಮಾಡಿ, ಹೋಟೆಲ್ ರೂಮುಗಳಲ್ಲಿ ಮಡಿಸಿಡುವ ಹಾಗೆ ಮಡಿಸಿ, ಮೇಲೊಂದು ಪುಟ್ಟ ಸೋಪು ಇಟ್ಟಿದ್ದರು.

೪. ತಂಗಿದವರು

ಸೋಪಿನ ಮೇಲೆ ಹೋಟೆಲಿನ ಹೆಸರಿತ್ತು. ಒಳಗೆ ಯಾರೋ ಇದ್ದಾರೆ ಅಂತ ಆಗ ತಿಳಿಯಿತು.

ಆ ವಾರದಿಂದ ಬೆಳಿಗ್ಗೆ ಕಾರು ತರಲು ಹೋದಾಗಲೆಲ್ಲ ವೈಪರಿನ ಕೆಳಗೆ ದಿನಪತ್ರಿಕೆ ಇರುತ್ತಿತ್ತು. ಮೊದಲ ದಿನ ದಂಡದ ನೋಟೀಸೇ ಇರಬೇಕು ಅಂದುಕೊಂಡಿದ್ದೆ. ಕೊನೆಗೊಂದು ದಿನ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಹೋಗಿ ಬಾಗಿಲು ಬಡಿದೆ. ಎಪ್ಪತ್ತರ ಹತ್ತಿರದ ಯಜಮಾನರು ಕೋಟು, ಟೈ ಹಾಕಿಕೊಂಡೇ ಬಾಗಿಲು ತೆರೆದರು. ಮಾರ್ಚಿನಿಂದ ಒಬ್ಬ ಗಿರಾಕಿಯಿಲ್ಲ, ಆದರೂ ಟೈ.

"ಈ ಕರೆಂಟಿಗೆ ದುಡ್ಡು ಕೊಡೋದು ಗೌರ್ಮೆಂಟ್ ತಾನೇ?" ಕೇಳಿದೆ.

"ಇಲ್ಲ, ನಾನು."

ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಯಿತು. ಮದುವೆಗಳೆಲ್ಲ ರದ್ದಾಗಿ ಕೂತ ಮನುಷ್ಯನ ಕರೆಂಟನ್ನು ನಾನು ತಿಂಗಳುಗಟ್ಟಲೆ ತುಂಬಿಕೊಂಡಿದ್ದೆ. ಇನ್ನು ಬರುವುದಿಲ್ಲ, ಕ್ಷಮಿಸಿ ಅಂದೆ.

ಯಜಮಾನರು ಗಾಬರಿಯಾದರು. "ಅಯ್ಯೋ, ಹಾಗ್ ಮಾಡ್ಬೇಡ. ಬೆಳಿಗ್ಗೆ ಎದ್ದು ಪರದೆ ಸರಿಸ್ತೀನಿ, ಅಂಗಳದಲ್ಲಿ ಒಂದು ಕಾರು ನಿಂತಿರುತ್ತೆ. ಯಾರೋ ತಂಗಿದಾರೆ ಅನ್ಸುತ್ತೆ. ಅದಕ್ಕೇ ಟೈ ಕಟ್ತೀನಿ. ತಂಗಿದವ್ರಿಗೆ ಪೇಪರ್ ಕೊಡೋದು ನಮ್ಮಲ್ಲಿ ಪದ್ಧತಿ."

ನಾನು ಚಿತ್ರಾನ್ನದ ಡಬ್ಬಿ ಅವರ ಕೈಗಿಟ್ಟೆ. ನನಗೆ ನನ್ನ ಖಾಲಿ ಮನೆ, ಅವರಿಗೆ ಅವರ ಖಾಲಿ ರೂಮುಗಳು. ಆಮೇಲೆ ಅವರೇ ಹೇಳಿದರು: "ಅಲ್ದೆ, ನಲವತ್ತು ವರ್ಷದಲ್ಲಿ ಬಿಸಿನೀರು ಬರ್ತಿಲ್ಲ ಅಂತ ದೂರು ಕೊಡದೇ ಇರೋ ಗಿರಾಕಿ ನಿನ್ ಕಾರೊಂದೇ."

೫. ಡಬ್ಲಿನ್

ಎರಡು ಸಲ ಟಿಕೆಟ್ ರದ್ದಾಗಿ, ಸೆಪ್ಟೆಂಬರಿನಲ್ಲಿ ಮೂರನೆಯದು ಗಟ್ಟಿಯಾಯಿತು. ಯಜಮಾನರು ಹಿಂದಿನ ದಿನವೇ ಚಾರ್ಜರ್ ಸುತ್ತ ಹೂಕುಂಡ ಇಟ್ಟು ತುಮಕೂರಿನವನನ್ನು ತಡೆದರು. ಬೆಳಿಗ್ಗೆ ಹೋದೆ. ಬ್ಯಾಟರಿ ನೂರು. ಕೇಬಲ್ ಎಳೆದೆ, ಬರಲಿಲ್ಲ. ಕಾರಿನ ಕೊಂಡಿ ಅದನ್ನು ಕಚ್ಚಿಕೊಂಡುಬಿಟ್ಟಿತ್ತು. ಕೇಬಲ್ ಸಿಕ್ಕಿಕೊಂಡಿದ್ದರೆ ಆ ಕಾರು ಒಂದು ಇಂಚೂ ಕದಲುವುದಿಲ್ಲ. ಯಜಮಾನರು ಮೇನ್ ಆರಿಸಿದರು, ಬಿಸಿನೀರಿನ ಬಟ್ಟೆ ಒತ್ತಿದರು, ಕೊನೆಗೆ ಬೆಣ್ಣೆಯನ್ನೂ ಹಚ್ಚಿದರು. ರಿಪೇರಿಯವರು "ಗುರುವಾರ" ಅಂದರು. ಏಳು ತಿಂಗಳು ಈ ಒಂದು ದಿನಕ್ಕೆ ತುಂಬಿಸಿಟ್ಟ ಕಾರಿನ ಪಕ್ಕ ಕೂತು ನಾನು ಅಳುವುದೊಂದು ಬಾಕಿ.

"ಏಳು," ಅಂದರು ಯಜಮಾನರು. "ನನ್ ವ್ಯಾನ್ ಇದೆ."

ಹಳೆಯ ಡೀಸೆಲ್ ವ್ಯಾನು. ಇನ್ಶೂರೆನ್ಸ್ ಅವರ ಹೆಸರಿಗಿದ್ದುದರಿಂದ ಅವರೇ ಓಡಿಸಬೇಕು. ಮಗಳ ಪುಟ್ಟ ಸೀಟನ್ನು ಕಾರಿನಿಂದ ಬಿಚ್ಚಿ ವ್ಯಾನಿನ ಹಿಂಭಾಗಕ್ಕೆ ಎಸೆದು, ಮಾಸ್ಕ್ ಹಾಕಿ, ಕಿಟಕಿ ಇಳಿಸಿ, ಹೊಗೆ ಬಿಡುತ್ತಾ ಹೊರಟೆವು.

ಏರ್‌ಪೋರ್ಟಿನಲ್ಲಿ ಹೆಂಡತಿ, ಮಗಳು ಹೊರಗೆ ಬಂದರು. ಇಬ್ಬರಿಗೂ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಮುಖಪರದೆ. ಹೋಗುವಾಗ ಐರಿಷ್ ಧಾಟಿಯ ಇಂಗ್ಲಿಷ್ ಬಿಟ್ಟು ಬೇರೆ ಆಡದಿದ್ದ ಮಗಳು "ಅಪ್ಪಾ, ನಿನ್ ಕೂದ್ಲು ಯಾಕ್ ಹಿಂಗಾಗಿದೆ?" ಅಂದಳು. ವಿಮಾನದ ಬಟ್ಟೆಯಲ್ಲಿ ಮುಟ್ಟುವುದು ಬೇಡ, ಮನೆಗೆ ಹೋದ ಮೇಲೆ ಅಂತ ಹೆಂಡತಿ ಕೈ ಅಡ್ಡ ಹಿಡಿದಳು. ಸರಿ, ಇನ್ನೆಷ್ಟು ಹೊತ್ತು?

ವ್ಯಾನಿನ ಬಾಗಿಲು ತೆರೆದೆ. ನಾವು ನಾಲ್ವರು. ಇದ್ದದ್ದು ಮೂರೇ ಸೀಟು. ಎಷ್ಟು ಪರ್ಸೆಂಟಿಗೆ ಎಷ್ಟು ಕಿಲೋಮೀಟರ್ ಅಂತ ಏಳು ತಿಂಗಳು ಲೆಕ್ಕ ಹಾಕಿದವನು ತಲೆ ಎಣಿಸಿರಲಿಲ್ಲ.

"ನಾನ್ ಹಿಂದೆ ಕೂರ್ತೀನಿ," ಅಂದೆ.

"ಸಾಮಾನಿನ ಜೊತೆ ಮನುಷ್ಯರನ್ನ ತುಂಬಿದ್ರೆ ನನ್ ಲೈಸೆನ್ಸ್ ಹೋಗುತ್ತೆ," ಅಂದರು ಯಜಮಾನರು, ನಿಜವಾಗಿ ಸಂಕಟಪಡುತ್ತ.

ಹೆಂಡತಿ, ಮಗಳು ವ್ಯಾನಿನಲ್ಲಿ ಹೋದರು. ನಾನು ಕೈ ಬೀಸಿ, ಬಸ್ ಹಿಡಿದೆ.

ಮನೆ ತಲುಪುವಾಗ ಅವರಿಗಿಂತ ಎರಡು ಗಂಟೆ ತಡವಾಗಿತ್ತು. ಮೆಟ್ಟಿಲು ಹಾರಿ ಹತ್ತಿ ಬಾಗಿಲು ಬಡಿದೆ. ಹೆಂಡತಿ ಸ್ನಾನ ಮಾಡಿ, ತಲೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ಎರಡೂ ಕೈ ಚಾಚಿದೆ.

"ಬಸ್ಸಲ್ಲಿ ಬಂದಿದೀರ! ಏನೂ ಮುಟ್ಬೇಡಿ, ಸೀದಾ ಬಚ್ಚಲಿಗೆ ನಡೀರಿ," ಅಂತ ಬೆನ್ನು ತಿರುಗಿಸಿ ಅಡುಗೆಮನೆಗೆ ಹೋಗಿಬಿಟ್ಟಳು.

ಶವರ್ ಬಿಟ್ಟುಕೊಂಡು ನಿಂತೆ. ಬಾಗಿಲಿನಾಚೆ ಮಗಳು ಬಂದು ಕೂತ ಸದ್ದಾಯಿತು.

"ಅಪ್ಪಾ, ಅಮ್ಮ ಅಡುಗೆಮನೇಲಿ ಅಳ್ತಿದಾಳೆ. ನಿನ್ಗೆ ಹೇಳ್ಬೇಡ ಅಂದಿದಾಳೆ."

"ಸರಿ ಪುಟ್ಟಿ," ಅಂದೆ, ಹೇಗೋ ದನಿ ಸರಿಮಾಡಿಕೊಂಡು. "ಅಪ್ಪಾನೂ ಅಳ್ತಿದಾನೆ ಅಂತ ಅಮ್ಮಂಗೆ ಹೇಳ್ಬೇಡ."

ಪುಟ್ಟ ಕಾಲುಗಳು ಅಡುಗೆಮನೆ ಕಡೆ ದಬದಬ ಓಡಿದವು.