ಮಾಲ್ಟನ್ನಿನಲ್ಲಿ ಹೀರೇಕಾಯಿ ಸವಾಲು

ಈ ಸಲ ಮಕ್ಕಳಿಗೆ ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅರ್ಥ ಕಲಿಸಿಯೇ ತೀರುತ್ತೇನೆಂದು, ಕಡಲಾಚೆಯ ಮಾಲ್ಟನ್ನಿಗೆ ಬಂದು ನೆಲೆಸಿದ ಸತ್ಯಪ್ರಕಾಶ್ ಟೇಬಲ್ ಗುದ್ದಿ ಸಾರಿದ. ಗುದ್ದಿದ ರಭಸಕ್ಕೆ ಚಹಾ ಚೆಲ್ಲಿತು. ಅಪಶಕುನ! ಪಾಪ, ಅವನಿಗೆ ಹೊಳೆಯಲಿಲ್ಲ.

"ಹಬ್ಬ ಅಂದ್ರ ಟರ್ಕಿ ಕೋಳಿ ಅಲ್ಲ, ಲಾಂಗ್ ವೀಕೆಂಡೂ ಅಲ್ಲ! ನಮ್ಮ ಬೆಟಗೇರಿ ಚರ್ಚಿನ್ಯಾಗ ಬೆಳೆಹಬ್ಬ ಅಂತ ಮಾಡ್ತಿದ್ರು. ಹಿತ್ತಲದಾಗ ಬೆಳೆದ ಮೊದಲನೇ ಫಲಾ ದೇವ್ರ ಮುಂದ ಇಡೋದು, ಆಮ್ಯಾಗ ಸವಾಲು ಕೂಗೋದು. ಗೆದ್ದಾಂವ ಮನೀಗೆ ಒಯ್ಯೂದಿಲ್ಲ, ತಿರಗಿ ಕೊಟ್ಟುಬಿಡ್ತಾನ. ಮತ್ತ ಹರಾಜು! ಒಂದು ಕುಂಬಳಕಾಯಿ ಹನ್ನೊಂದು ಸರ್ತಿ ಹರಾಜಾಗಿತ್ತು!"

"ಬಟ್ ವೈ?" ಎಂದಳು ಹತ್ತು ವರ್ಷದ ಮಗಳು ಕೃಪಾ.

"ಕೊಡಾಕ ಮನಸ್ಸು ಬರದಂಥಾದ್ದನ್ನ ಕೊಡಬೇಕವ್ವಾ. ಅದ ಹಬ್ಬದ ಅರ್ಥ."

ತನ್ನ ಮಾತಿಗೆ ತಾನೇ ತಲೆದೂಗಿದ. ಹೆಂಡತಿ ಸುಜಾತಾ ಮಾತ್ರ ಚಹಾ ಒರೆಸುತ್ತ, "ಹಂಗಾದ್ರ ನಿಮ್ಮ ಹೀರೇಕಾಯಿ ಇಡ್ರಲ್ಲಾ" ಎಂದಳು.

ಸತ್ಯಪ್ರಕಾಶ್ ತಟ್ಟನೆ ಹಿತ್ತಲಿನ ಹಂದರದತ್ತ ನೋಡಿದ. ಆ ಹೀರೇಕಾಯಿ ಅಂತಿಂಥದ್ದಲ್ಲ! ಅವನ ಅಜ್ಜಿ, ದಾನವ್ವಾಯಿ, ಹೋದ ಸಲ ಊರಿಗೆ ಹೋದಾಗ ಕರ್ಚೀಫಿನ ತುದಿಗೆ ಗಂಟು ಹಾಕಿ ಕೊಟ್ಟ ಬೀಜದ್ದು. ಮೇ ತಿಂಗಳಿಂದ ಅದಕ್ಕೆ ಹಂದರ ಕಟ್ಟಿ, ಗೊಬ್ಬರ ಹಾಕಿ, ಅಳಿಲುಗಳ ಜೊತೆ ಮಹಾಯುದ್ಧ ಹೂಡಿ ಉಳಿಸಿಕೊಂಡದ್ದು ಒಂದೇ ಒಂದು ಕಾಯಿ. ಬೇಲಿಯಾಚೆಯ ಗಯಾನಾದ ಮುದುಕಿ ಮಿಸೆಸ್ ರಾಮ್‌ದೀನ್ ದಿನಾ ಬೆಳಿಗ್ಗೆ ಇಣುಕಿ, "ನಮ್ಮಮ್ಮನೂ ಇದನ್ನೇ ಬೆಳೀತಿದ್ಲು" ಎಂದು ಇಂಗ್ಲಿಷಿನಲ್ಲಿ ನಿಟ್ಟುಸಿರು ಬಿಡುವಳು. ದಾನವ್ವಾಯಿ ಈ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಳು; ಅವನಿಗೆ ಹೋಗಲಾಗಲಿಲ್ಲ. ಊರಿಗೆ ಹೋಗಬೇಕೆಂದು ಅವನ ಜೀವ ಒಂದೇ ಸಮನೆ ಹಂಬಲಿಸುತ್ತಿತ್ತು. ಊರು ಸಿಗದಿದ್ದರೆ ಬೇಡ, ಆಯಿ ಮಾಡುತ್ತಿದ್ದ ಹೀರೇಕಾಯಿ ಪಲ್ಯದ ಒಂದು ತುತ್ತಾದರೂ ಬೇಕಾಗಿತ್ತು.

ಆದರೂ ಆಡಿದ ಮಾತು! ಹಬ್ಬದ ದಿನ ಹೀರೇಕಾಯಿಯನ್ನು ತಟ್ಟೆಯಲ್ಲಿಟ್ಟ. ಒಳಗೊಳಗೇ ಅವನದೊಂದು ಉಪಾಯವಿತ್ತು: ಎಲ್ಲರಿಗಿಂತ ಹೆಚ್ಚು ಕೂಗಿ ತಾನೇ ಗೆಲ್ಲುವುದು. ದೇವರಿಗೆ ಕೊಟ್ಟ ಹಾಗೂ ಆಯಿತು, ಹೊಟ್ಟೆಗೆ ಇಳಿದ ಹಾಗೂ ಆಯಿತು!

"ರೊಕ್ಕ ಬ್ಯಾಡ. ಭಾಂಡೆ ತಿಕ್ಕೂದರ ಮ್ಯಾಲೆ ಕೂಗ್ರಿ" ಎಂದಳು ಸುಜಾತಾ, ಸೌಟು ಹಿಡಿದು.

"ಮೂರು ದಿನ!" ಎಂದ ಸತ್ಯಪ್ರಕಾಶ್.

"ಒನ್ ವೀಕ್!" ಎಂದಳು ಕೃಪಾ.

"ಹಂಡ್ರೆಡ್!" ಎಂದು ಕುಣಿದ ಆರು ವರ್ಷದ ಧೀರಜ್. ಸ್ಟೂಲ್ ಹತ್ತಿದರೂ ಸಿಂಕು ಎಟುಕದ ಆಸಾಮಿಯೆಂದು ಅವನನ್ನು ಅನರ್ಹಗೊಳಿಸಲಾಯಿತು.

"ಎರಡು ವಾರ!" ಎಂದು ಅಪ್ಪ ಗರ್ಜಿಸಿದ. ಸೌಟು ಬಡಿಯಿತು. ಕಾಯಿ ಅವನದಾಯಿತು.

"ನೌ ಗಿವ್ ಇಟ್ ಬ್ಯಾಕ್, ಅಪ್ಪಾ. ಗೆದ್ದವರು ತಿರಗಿ ಕೊಡ್ತಾರಲ್ಲಾ?" ಎಂದಳು ಕೃಪಾ.

ಹೌದಲ್ಲ! ಹಲ್ಲು ಕಿರಿದು ಮತ್ತೆ ತಟ್ಟೆಯಲ್ಲಿಟ್ಟ. ಎರಡನೇ ಸುತ್ತಿನಲ್ಲಿ ಕೃಪಾ ಕೂಗುತ್ತ ತಿಂಗಳ ಕೊನೆಯ ಹ್ಯಾಲೊವೀನ್ ದಾಟಿದಳು. ಅವನು ಕ್ರಿಸ್‌ಮಸ್ ಮುಟ್ಟಿದ. ಆಕೆ ಫೆಬ್ರವರಿಗೆ ಹಾರಿದಳು. ಬೆವರು ಕಿತ್ತುಬಂದ ಸತ್ಯಪ್ರಕಾಶ್ ಕಣ್ಣು ಮುಚ್ಚಿ, "ಈಸ್ಟರ್ ತನಕಾ!" ಎಂದು ಕೂಗಿಯೇ ಬಿಟ್ಟ.

"ಮುಗೀತು!" ಎಂದಳು ಸುಜಾತಾ. ಅಷ್ಟು ಖುಷಿಯಾದ ಹೆಂಡತಿಯನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ.

ಇನ್ನು ತಡವೇಕೆ? ಜೋಳದ ಹಿಟ್ಟು ತರಲು ಬೇಸ್‌ಮೆಂಟಿಗೆ ಓಡಿದ. ಮೂಲೆಮೂಲೆ ಹುಡುಕಿ ಮೇಲೆ ಬಂದರೆ ತಟ್ಟೆ ಖಾಲಿ!

"ಹೀರೇಕಾಯಿ ಎಲ್ಲೈತಿ?"

"ಯು ವನ್, ಸೋ ಯು ಗಿವ್" ಎಂದಳು ಕೃಪಾ. "ನೀನು ಬೇಸ್‌ಮೆಂಟಲ್ಲಿ ಇದ್ದೆ, ಅದಕ್ಕ ನಾನ ಕೊಟ್ಟೆ. ಚರ್ಚ್ ಕ್ಲೋಸ್ಡ್. ಸೋ, ಮಿಸೆಸ್ ರಾಮ್‌ದೀನ್‌ಗೆ. ಶಿ ಕ್ರೈಡ್, ಅಪ್ಪಾ."

ಹಿಟ್ಟಿನ ಚೀಲ ಕೈಯಿಂದ ಜಾರಿತು. "ಅದನ್ನ ಯಾಕ ಕೊಟ್ಟಿ, ನನ್ನವ್ವಾ?"

"ಕೊಡಾಕ ಮನಸ್ಸು ಬರದಂಥಾದ್ದು ಕೊಡಬೇಕು ಅಂದ್ಯಲ್ಲಾ? ನಿನ್ನ ಫೇಸ್ ನೋಡಿದೆ. ಅದ ಅಂಥಾದ್ದು ಅಂತ ಗೊತ್ತಾತು."

ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದ ಮಗಳನ್ನು ಬೈಯುವುದು ಹೇಗೆ? ಹಿಟ್ಟಿನ ಚೀಲ ಎತ್ತಿಕೊಂಡು ರೊಟ್ಟಿ ತಟ್ಟಲು ನಿಂತ.

ರಾತ್ರಿ ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ. ಊಟವಾದ ಮೇಲೆ ಸುಜಾತಾ ಭಾಂಡೆ ತಿಕ್ಕುವ ಬ್ರಶ್ಶನ್ನು ಎರಡೂ ಕೈಯಲ್ಲಿ ಹಿಡಿದು ಬಿರುದಿನಂತೆ ಅವನಿಗೆ ಪ್ರದಾನ ಮಾಡಿದಳು. ಕಾಯಿ ಹೋದರೂ ಕೂಗಿದ ಸವಾಲು ಹಾಗೇ ಉಳಿದಿತ್ತು! ಅವನು ತೋಳು ಮಡಚಿ ಸಿಂಕಿನ ಮುಂದೆ ನಿಂತ. ಆಗ ಪಕ್ಕದ ಮನೆಯ ಕಡೆಯಿಂದ, ಕಾದ ಎಣ್ಣೆಗೆ ಬೆಳ್ಳುಳ್ಳಿ ಬಿದ್ದು, ಅದರ ಹಿಂದೆ ಹೀರೇಕಾಯಿ ಬಿದ್ದ ವಾಸನೆ ತೇಲಿ ಬಂತು. ಅವನು ಕಿಟಕಿಯನ್ನು ಪೂರ್ತಿ ತೆರೆದ. ಬೆಟಗೇರಿ, ದಾನವ್ವಾಯಿ, ಅವಳ ಒಲೆ, ಎಲ್ಲ ಕಣ್ಣಲ್ಲಿ ತುಂಬಿಕೊಂಡವು.

"ರೀ, ಕಿಟಕಿ ಹಾಕ್ರಿ! ಥಂಡಿ ಬರಾಕತ್ತೈತಿ!"

"ಇರಲಿ ಬಿಡ, ಸುಜಾತಾ" ಎಂದ ಸತ್ಯಪ್ರಕಾಶ್, ನೊರೆಗೈಯಿಂದಲೇ ಮೂಗು ಒರೆಸಿಕೊಂಡು. "ನನ್ನ ಪಾಲು ಬರಾಕತ್ತೈತಿ."