ಫೆರ್ರಾತೆಲ್ಲೆ ಅಚ್ಚಿನ ಹಿಡಿಕೆ ಕೋರಿ ಸೊಸೆಯ ಅರ್ಜಿ

ಇಂದ,
ಓರ್ನೆಲ್ಲಾ, ತಮ್ಮ ಏಕೈಕ ಸೊಸೆ,
ತುರಿನ್ ಪಟ್ಟಣದ ಕಡೆಯವಳು (ತಾವು ಆಗಾಗ ನೆನಪಿಸುವಂತೆ),
ಕೆಳಗಿನ ಮಹಡಿ.

ಗೆ,
ಶ್ರೀಮತಿ ಅಸುಂತೀನಾ ಅವರು,
ಅತ್ತೆ ಹಾಗೂ ಅಡುಗೆಮನೆಯ ಸರ್ವಾಧಿಕಾರಿಗಳು,
ಮೇಲಿನ ಮಹಡಿ, ಮಯೆಲ್ಲಾ ಬೆಟ್ಟದ ತಪ್ಪಲು, ಅಬ್ರುಜ್ಜೊ.

ವಿಷಯ: ಕ್ರಿಸ್‌ಮಸ್‌ನ ಫೆರ್ರಾತೆಲ್ಲೆ ಬಿಸ್ಕತ್ತು ಸುಡುವ ಕಬ್ಬಿಣದ ಅಚ್ಚಿನ ಹಿಡಿಕೆಯನ್ನು ತಾತ್ಕಾಲಿಕವಾಗಿ ನನ್ನ ಕೈಗೆ ಕೊಡುವ ಬಗ್ಗೆ.

ಉಲ್ಲೇಖ: ೧) ಭಾನುವಾರ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ತಾವು ಹೊರಡಿಸಿದ ಮೌಖಿಕ ಆದೇಶ: "ಈ ಸಲ ನಮ್ಮನೇಲಿ ಫೆರ್ರಾತೆಲ್ಲೆ ಇಲ್ಲ, ಮುಗೀತು."
೨) ಪಕ್ಕದ ಮನೆಯ ಇಯೊಲಾಂಡಾ ಬಿಸ್ಕತ್ತು ತುಂಬಿ ಕಳಿಸಿರುವ, ಬರಿದಾಗಿ ಹಿಂದಿರುಗಿಸಲಾಗದ ತಟ್ಟೆ.

ಮಾನ್ಯ ಅತ್ತೆಯವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಕನ್ನಡಕ ಹಾಕಿಕೊಂಡು ಓದಬೇಕಾಗಿ ಮೊದಲೇ ಪ್ರಾರ್ಥಿಸಿ, ಈ ಕೆಳಗಿನಂತೆ ಅರಿಕೆ ಮಾಡಿಕೊಳ್ಳುತ್ತೇನೆ.

೧. ಸದರಿ ಅಚ್ಚು ತಮ್ಮ ಮದುವೆಯಲ್ಲಿ ತವರಿನಿಂದ ಬಂದದ್ದು. ಅದರಲ್ಲಿ ತಮ್ಮ ಹೆಸರಿನ ಮೊದಲಕ್ಷರ ಕೆತ್ತಿರುವ ಕಾರಣ, ಸುಟ್ಟ ಪ್ರತಿ ಬಿಸ್ಕತ್ತಿನ ಮೇಲೂ ಅದೇ ಮೂಡುತ್ತದೆ. ಆದ್ದರಿಂದ ಹಿಡಿಕೆ ಕೊಡುವುದೆಂದರೆ ರುಜು ಹಾಕುವ ಅಧಿಕಾರವನ್ನೇ ಕೊಟ್ಟಂತೆ ಎಂಬುದು ನನ್ನ ಗಮನದಲ್ಲಿದೆ. ಮದುವೆಯಾದಂದಿನಿಂದ ನಾನು ತಟ್ಟೆಗೆ ಜೋಡಿಸುವ ವಿಭಾಗದಲ್ಲೇ ಸೇವೆ ಸಲ್ಲಿಸುತ್ತಿದ್ದು, ಈ ಬಗ್ಗೆ ದೂರಿಲ್ಲ ಎಂದರೆ ಸುಳ್ಳಾಗುತ್ತದೆ. ಒಲೆಯ ಮುಂದೆ ನಿಲ್ಲಬೇಕೆಂಬ ಆಸೆ ನನಗೆ ಬಹಳ ಇದೆ.

೨. ಚರ್ಚಿನ ಮೆಟ್ಟಿಲ ಮೇಲಿನ ಹಿಮದಲ್ಲಿ ತಾವು ಜಾರಿ ಬಿದ್ದ ಕಾರಣ, ನಾನೇ ಸುಡುತ್ತೇನೆ ಎಂದು ಮುಂದೆ ಬಂದೆ. ತಾವು, "ನಿನಗೆ ಜಪವೇ ನೆಟ್ಟಗೆ ಬರಲ್ಲ, ಅಚ್ಚು ಹಿಡೀತಾಳಂತೆ!" ಎಂದಿರಿ. ಬಿಸ್ಕತ್ತಿನ ಒಂದು ಮಗ್ಗುಲು ಬೇಯುವಷ್ಟು ಹೊತ್ತಿಗೆ ಮರಿಯಮ್ಮನ ಜಪ, ಮಗುಚಿ ಹಾಕಿ ಇನ್ನೊಂದಕ್ಕೆ ಪರಲೋಕದ ತಂದೆಯ ಜಪ, ಗಡಿಯಾರ ನೋಡಕೂಡದು ಎಂಬುದು ಈ ಮನೆಯ ನಿಯಮ. ಗಂಟೆ ಬಾರಿಸುವ ಅಡುಗೆಮನೆ ಗಡಿಯಾರವನ್ನು ನಾನು ಸೂಚಿಸಿದಾಗ, "ಅದಕ್ಕೆ ಜ್ಞಾನಸ್ನಾನ ಆಗಿದೆಯೇನೇ?" ಎಂದು ಕೇಳಿ ತಾವು ಪ್ರಸ್ತಾವವನ್ನು ತಿರಸ್ಕರಿಸಿದ್ದೀರಿ.

೩. ಕಾರಣ, ನಿನ್ನೆ ಬೆಳಿಗ್ಗೆ ತಾವು ಕೈ ತೋರಿಸಲು ಆಸ್ಪತ್ರೆಗೆ ಹೋಗಿದ್ದಾಗ ನಾನು ಅಪ್ಪಣೆಯಿಲ್ಲದೆ ಅಚ್ಚು ಇಳಿಸಿ ಒಲೆಗಿಟ್ಟೆ. ಈ ಕೃತ್ಯದಲ್ಲಿ ತಮ್ಮ ಮಗ ಎಜಿಯೊ ಸಹ ಭಾಗಿ, ತಿನ್ನುವ ಮಟ್ಟಿಗೆ. ನಮ್ಮ ತುರಿನ್ ವೇಗದಲ್ಲಿ ಜಪ ಹೇಳಿದೆ, ಬಿಸ್ಕತ್ತು ಹಸಿಹಸಿ. ಎರಡೆರಡು ಸಲ ಹೇಳಿದೆ, ಇದ್ದಿಲು.

"ಲೇ, ಅಮ್ಮನ ಥರ ಹೇಳೇ. ಅವಳು ನಡುವೆ ನಿಲ್ಲಿಸ್ತಾಳೆ," ಎಂದರು ಎಜಿಯೊ.

"ಎಲ್ಲಿ?"

"ಮರಿಯಮ್ಮನ ಜಪದ ಕೊನೇಲಿ 'ನಮ್ಮ ಮರಣದ ಸಮಯದಲ್ಲೂ' ಅಂತ ಬರುತ್ತಲ್ಲ, ಅಲ್ಲಿ. ಒಂದು ಉದ್ದ ನಿಟ್ಟುಸಿರು ಬಿಟ್ಟು ಆಮೇಲೆ ಆಮೆನ್ ಅಂತಾಳೆ. ಅಪ್ಪ ಹೋದಾಗಿಂದ ಹಂಗೇ."

"ಮಾವ ಇದ್ದಾಗ?"

"ಆಗ ಅಪ್ಪ ತಟ್ಟೆಗೆ ಕೈ ಹಾಕ್ತಿದ್ರು. ಅದೇ ಜಾಗದಲ್ಲಿ ನಿಲ್ಲಿಸಿ ಬೈತಿದ್ಳು. ಅಷ್ಟೇ ಹೊತ್ತು."

ಅತ್ತೆಯವರೇ, ನನಗೆ ಅಳು ಬಂತು. ಅಳುತ್ತಲೇ ಹಿಟ್ಟು ಹಾಕಿ ಅಚ್ಚು ಒತ್ತಿ ಜಪ ಶುರುಮಾಡಿದೆ. 'ಮರಣದ ಸಮಯ' ಎಂಬಲ್ಲಿಗೆ ಬರುವಷ್ಟರಲ್ಲಿ ತಮ್ಮ ಮಗ ಇಯೊಲಾಂಡಾಳ ತಟ್ಟೆಗೆ ಕೈ ಹಾಕಿದ್ದರು. "ರೀ, ತೆಗೀರಿ ಕೈ! ನಾಚಿಕೆ ಆಗಲ್ವಾ, ಇಷ್ಟು ದೊಡ್ಡ ಗಂಡಸಿಗೆ?" ಎಂದು ಬೈದು, ಆಮೆನ್ ಹೇಳಿ, ಮಗುಚಿದೆ. ಬಿಸ್ಕತ್ತು ಹೊಂಬಣ್ಣಕ್ಕೆ ತಿರುಗಿ, ಸೋಂಪಿನ ಘಮ ಮೆಟ್ಟಿಲವರೆಗೂ ಹೋಯಿತು.

ಆದ್ದರಿಂದ, ತಾವು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರಬೇಕಾಗಿಯೂ, ಹಿಡಿಕೆಯನ್ನು ನನಗೆ ವಹಿಸಬೇಕಾಗಿಯೂ ಕೋರುತ್ತೇನೆ. ಅಕ್ಷರ ತಮ್ಮದೇ ಮೂಡುತ್ತದೆ.

ತಮ್ಮ ವಿಶ್ವಾಸಿ (ತಮಗೂ ವಿಶ್ವಾಸವಿದ್ದಲ್ಲಿ),
ಓರ್ನೆಲ್ಲಾ

ಲಗತ್ತುಗಳು:
೧) ಹಸಿ ಬಿಸ್ಕತ್ತು, ಒಂದು.
೨) ಇದ್ದಿಲು, ಒಂದು.
೩) ಹೊಂಬಣ್ಣದ್ದು: ತಮ್ಮ ಮಗ ತಿಂದಿರುವುದರಿಂದ ಲಗತ್ತಿಸಿಲ್ಲ.

ವಿಶೇಷ ಸೂಚನೆ: ಹಿಡಿಕೆಯ ಜೊತೆಗೆ ನಿಟ್ಟುಸಿರನ್ನೂ ಹಸ್ತಾಂತರಿಸುವ ಪದ್ಧತಿಯಿದ್ದಲ್ಲಿ, ಅದನ್ನು ಸದ್ಯಕ್ಕೆ ತಮ್ಮ ಬಳಿಯೇ ಇಟ್ಟುಕೊಳ್ಳಬೇಕಾಗಿ ವಿನಂತಿ. ನಾನು ಇನ್ನೂ ಬಹಳ ವರ್ಷ ತಮ್ಮ ಮಗನನ್ನು ಬೈಯುತ್ತಲೇ ಸುಡುತ್ತೇನೆ.